ಬಣ್ಣಕ್ಕೆ ಇಷ್ಟು ಆತುರವೇಕೆ?

ತೈಲವರ್ಣದಲ್ಲಿ ಶಾಸ್ತ್ರೀಯ ಶೈಲಿಯ ಭಾವಚಿತ್ರ ಬರೆಯಲು ಕಲಿಯುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಮೈಬಣ್ಣ ಬೆರೆಸಲು ಕೂರುತ್ತಾರೆ. ಇದು ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಖಕ್ಕೆ ಹೋಲಿಕೆ ಬರುವುದು ನೆರಳು ಬೆಳಕಿನ ಹದದಿಂದ. ಕಪ್ಪು ಬಿಳುಪಿನ ಫೋಟೋದಲ್ಲಿಯೂ ಪರಿಚಯದವರನ್ನು ಥಟ್ಟನೆ ಗುರುತಿಸುತ್ತೇವಲ್ಲ!

ಯುರೋಪಿನ ಹಳೆಯ ಕಲಾವಿದರಲ್ಲಿ ಅನೇಕರು ಕಂದು ಅಥವಾ ಬೂದು ಬಣ್ಣವೊಂದರಲ್ಲೇ ತಳಚಿತ್ರ ಬರೆದು, ಅದು ಒಣಗಿದ ಮೇಲೆ ಉಳಿದ ಬಣ್ಣಗಳಿಗೆ ಕೈ ಹಾಕುತ್ತಿದ್ದರು. ಕ್ಯಾನ್ವಾಸಿಗೆ ಅಂಬರ್ ಎಂಬ ಕಂದು ಮಣ್ಣಿನ ಬಣ್ಣವನ್ನು ತೆಳುವಾಗಿ ಬಳಿದು, ಬೆಳಕು ಬೀಳುವ ಹಣೆ, ಮೂಗಿನ ಏಣು, ಕೆನ್ನೆಯ ಉಬ್ಬುಗಳಲ್ಲಿ ಬಟ್ಟೆಯಿಂದ ಒರೆಸುತ್ತಾ ಹೋದರೆ, ಅರ್ಧ ಗಂಟೆಯೊಳಗೆ ತಲೆಯ ಗಾತ್ರ ಕಣ್ಣಿಗೆ ಕಟ್ಟತೊಡಗುತ್ತದೆ. ಅಂಬರಿನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುವುದರಿಂದ ತಳಕ್ಕೆ ಅದು ಹೇಳಿ ಮಾಡಿಸಿದಂತಿದೆ. ತೈಲವರ್ಣದಲ್ಲಿ ಬೆರೆತಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಎಣ್ಣೆ ಹೆಚ್ಚಿದ್ದಷ್ಟೂ ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಆದ್ದರಿಂದಲೇ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು, ಇಲ್ಲದಿದ್ದರೆ ಕಾಲಕ್ರಮೇಣ ಬಿರುಕು ಬಿಡಬಹುದು.

ತಳಚಿತ್ರ ಕಲಿಸುವ ದೊಡ್ಡ ಪಾಠ ಕಣ್ಣಿನದು. ಕಣ್ಣಿನ ಬಿಳಿ ಭಾಗ ಬಿಳಿಯೆಂದು ನಮಗೆ ಗೊತ್ತಿರುವುದೇ ಇಲ್ಲಿ ತೊಡಕು. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ, ಗುಡ್ಡೆ ದುಂಡಗಿರುವುದರಿಂದ ಅಂಚುಗಳತ್ತ ಇನ್ನಷ್ಟು ಮಸುಕಾಗುತ್ತದೆ. ಎಷ್ಟೋ ಸಲ ಬೆಳಕಿನಲ್ಲಿರುವ ಕೆನ್ನೆಗಿಂತ ಅದೇ ಕಪ್ಪಗಿರುತ್ತದೆ. ಅಲ್ಲಿ ಟ್ಯೂಬಿನ ಬಿಳಿಯನ್ನು ಹಾಗೆಯೇ ಇಟ್ಟರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ. ನೆರಳಿನ ಅಂಚುಗಳೂ ಹೀಗೆಯೇ: ಮೂಗು ತುಟಿಯ ಮೇಲೆ ಚೆಲ್ಲುವ ನೆರಳಿಗೆ ಚೂಪಾದ ಅಂಚಿದ್ದರೆ, ಕೆನ್ನೆ ತಿರುಗುವಲ್ಲಿನ ನೆರಳು ಎಲ್ಲಿ ಮೊದಲಾಯಿತೆಂದು ಹೇಳಲಾಗದಷ್ಟು ಮೃದುವಾಗಿರುತ್ತದೆ. ಎರಡನ್ನೂ ಒಂದೇ ಬ್ರಷ್ಷಿನಿಂದ ಒಂದೇ ರೀತಿ ತಿದ್ದಿದವರ ಚಿತ್ರದಲ್ಲಿ ಮುಖ ಚಪ್ಪಟೆಯಾಗುತ್ತದೆ. ಆಮೇಲೆ ಎಷ್ಟು ಕೆಂಪು ಬಳಿದರೂ ಜೀವ ಬರುವುದಿಲ್ಲ.

ತಳಚಿತ್ರವಿಲ್ಲದೆ ನೇರವಾಗಿ ಬಣ್ಣದಲ್ಲೇ ಬರೆದ ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಅವರನ್ನು ಕೆಲವರು ಉದಾಹರಿಸುತ್ತಾರೆ. ಒಪ್ಪುತ್ತೇನೆ, ಆದರೆ ನೆರಳು ಬೆಳಕನ್ನು ಒಂದೇ ನೋಟಕ್ಕೆ ಅಳೆಯುವ ಕಣ್ಣು ಅವರಿಗಿತ್ತು, ಕಲಿಯುವವರಿಗೆ ಇನ್ನೂ ಇಲ್ಲ. ಬಣ್ಣದ ಹಂತಕ್ಕೆ ಬಂದ ಮೇಲೂ ಟ್ಯೂಬುಗಳ ರಾಶಿ ಬೇಕಿಲ್ಲ. ಸ್ವೀಡನ್ನಿನ ಚಿತ್ರಕಾರ ಆ್ಯಂಡರ್ಸ್ ಸೋರ್ನ್ (1860–1920) ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್ಟಿನಲ್ಲಿ, ಅಂದರೆ ಬಣ್ಣಗಳ ಗುಂಪಿನಲ್ಲಿ, ಇರುವುದು ಬಿಳಿ, ಹಳದಿ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಉಜ್ವಲ ಕೆಂಪು) ಮತ್ತು ಕಪ್ಪು ಮಾತ್ರ. ಕಪ್ಪಿಗೆ ಬಿಳಿ ಬೆರೆಸಿ ಓಕರಿನ ಪಕ್ಕದಲ್ಲಿಟ್ಟರೆ ಆ ಬೂದು ನೀಲಿಯಾಗಿಯೇ ಕಾಣುತ್ತದೆ, ಗಲ್ಲದ ಕೆಳಗಿನ ತಣ್ಣನೆಯ ನೆರಳಿಗೆ ಅಷ್ಟು ನೀಲಿ ಸಾಕು.