ಅಂದ್ರೆ ಏನಂದ್ರೆ...

ಹೋದ ತಿಂಗಳು ಅಣ್ಣನ ಮನೇಲಿ ಬೆಳಗ್ಗೆ ತಿಂಡಿಗೆ ಉಪ್ಪಿಟ್ಟು. ಬನ್ಸಿ ರವೆ, ಮೇಲೆ ಕಾಯಿತುರಿ, ನಿಂಬೆಹಣ್ಣು ಹಿಂಡಿದ ವಾಸನೆ ಬೇರೆ. ಅತ್ತಿಗೆ ಸೌಟು ಹಿಡ್ಕೊಂಡು ನಿಂತು "ಹೆಂಗಿದೆ?" ಅಂದ್ರು. "ಚೆನ್ನಾಗಿದೆ ಅತ್ತಿಗೆ" ಅಂದೆ. ಅಲ್ಲಿಗೆ ಬಾಯಿ ಮುಚ್ಚಿದ್ರೆ ಇವತ್ತು ಇದನ್ನೆಲ್ಲ ಬರೆಯೋ ಪ್ರಮೇಯಾನೇ ಇರ್ತಿರಲಿಲ್ಲ. ನನ್ನ ನಾಲಿಗೆಗೆ ಬ್ರೇಕ್ ಇಲ್ವಲ್ಲ, "ಅಂದ್ರೆ, ಹೋದ್ಸಲದ ಥರ ಗಂಟಾಗಿಲ್ಲ" ಅಂದ್ಬಿಟ್ಟೆ. ಸೌಟು ಗಾಳೀಲೇ ನಿಂತ್ಕೊಳ್ತು. ಅಣ್ಣ ತಲೆ ಬಗ್ಗಿಸಿ ತಟ್ಟೇಲಿದ್ದ ಸಾಸಿವೆ ಎಣಿಸೋಕೆ ಶುರು ಮಾಡ್ದ. ಅಯ್ಯೋ ಎಡವಟ್ಟಾಯ್ತಲ್ಲ, ಸರಿ ಮಾಡೋಣ ಅಂತ "ಅಂದ್ರೆ, ಗಂಟು ಅಂದ್ರೆ ಪೂರ್ತಿ ಅಲ್ಲ, ಅಲ್ಲಲ್ಲಿ" ಅಂದೆ, ಅದೂ ಸರಿಹೋಗಲಿಲ್ಲ ಅನ್ಸಿ "ಅಂದ್ರೆ ನಂಗೆ ಗಂಟು ಇಷ್ಟಾನೇ" ಅಂತ ಬೇರೆ ಸೇರಿಸ್ದೆ. ಎರಡನೇ ಸಲ ಯಾರೂ ಬಡಿಸಲಿಲ್ಲ. ವಾಪಸ್ ಬರ್ತಾ ದಾರಿಯುದ್ದಕ್ಕೂ ನನ್ನ ಹೆಂಡತಿ ಆಡಿದ್ದು ಒಂದೇ ಮಾತು, "ರೀ, ಇನ್ಮೇಲೆ ತಿಂಡಿ ತಿಂದ್ಕೊಂಡೇ ಹೊರಡೋಣ."

ಅವತ್ತು ರಾತ್ರಿ ಅಣ್ಣನ ಮಗಳ ಮೆಸೇಜ್ ಬಂತು. ಇಂಗ್ಲಿಷ್ ಎಂಎ ಓದ್ತಿದಾಳೆ, ಮನೇಲಿ ಏನೇ ಜಗಳ ಆದ್ರೂ ಅವಳಿಗೆ ಅದು ಸಿಲಬಸ್. "ಚಿಕ್ಕಪ್ಪ, ಅಮ್ಮನ ಕೋಪ ಇನ್ನೂ ಇಳಿದಿಲ್ಲ, ಆದ್ರೆ ನೀವು ಮಾಡಿದ್ದಕ್ಕೆ ಗ್ರೀಕಲ್ಲಿ ಒಂದು ಹೆಸರಿದೆ, ಎಪೆಕ್ಸೆಜೆಸಿಸ್." ನೋಡಿದ ತಕ್ಷಣ ನಂಗೆ ಇದು ಗ್ಯಾಸ್ ಮಾತ್ರೆ ಇರಬೇಕು, ಊಟ ಆದ್ಮೇಲೆ ಒಂದು, ಅನ್ನಿಸ್ತು. ಎಕ್ಸೆಜೆಸಿಸ್ ಅಂದ್ರೆ ವಿವರಣೆ, ವ್ಯಾಖ್ಯಾನ. ಮುಂದೆ ಎಪಿ ಸೇರಿಕೊಂಡ್ರೆ ಅದರ ಮೇಲೆ ಇನ್ನೊಂದಿಷ್ಟು. ಮಾತು ಹೇಳಿ ಮುಗಿಸಿದ್ಮೇಲೆ ಅದು ಇನ್ನೂ ಸ್ಪಷ್ಟ ಆಗ್ಲಿ ಅಂತ ಮತ್ತೆರಡು ಪದ ಜೋಡಿಸೋದು. ಬೈಬಲ್ಲಲ್ಲಿ ಸಂತ ಪೌಲ ರೋಮನ್ನರಿಗೆ ಬರೆದ ಪತ್ರದ 7ನೇ ಅಧ್ಯಾಯದ 18ನೇ ವಚನದಲ್ಲಿ ನನ್ನಲ್ಲಿ ಒಳ್ಳೇದೇನೂ ಇಲ್ಲ ಅಂತ ಹೇಳೋಕೆ ಹೊರಟವನು ನಡುವೆ ತಡೆದು, ನನ್ನಲ್ಲಿ ಅಂದ್ರೆ ನನ್ನ ಶರೀರದಲ್ಲಿ, ಅಂತಾನಲ್ಲ, ಅದೇ ಇದು. ಅಲ್ಲಿ ಗ್ರೀಕಲ್ಲಿ ನಮ್ಮ ಅಂದ್ರೆ ಜಾಗದಲ್ಲಿ ಇರೋದು 'ತೂತ್ ಎಸ್ತಿನ್'. ಪೌಲನ ಕತೆ ಹೆಂಗೋ ಗೊತ್ತಿಲ್ಲ, ನನ್ನ ವಿಷಯದಲ್ಲಂತೂ ಅದು ತೂತೇ.

ನಮ್ಮ 'ಅಂದರೆ'ನೂ ಕಮ್ಮಿ ಇಲ್ಲ ಬಿಡಿ. 'ಅನ್ನು' ಧಾತುವಿಗೆ 'ರೆ' ಸೇರಿ ಆದದ್ದು, ಪದಾನೇ ಒಂದು ಷರತ್ತು, ಹೀಗೆ ಹೇಳಿದರೆ ಅಂತ. ಹೇಳಿದರೆ ಏನಾಗತ್ತೆ ಅನ್ನೋದು ಮಾತ್ರ ನಂಗೆ ಹೇಳಿದ್ಮೇಲೇ ಗೊತ್ತಾಗೋದು. (ಕಾಫಿ ಗೀಫಿ, ಮದುವೆ ಗಿದುವೆ ಅಂತೀವಲ್ಲ, ಆ 'ಗೀ' ಇದಕ್ಕೆ ತದ್ವಿರುದ್ಧ. ಕಾಫಿ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿರತ್ತೆ, ಗೀಫಿ ಬಂದಕೂಡ್ಲೇ ಟೀನೋ ಬೋಂಡಾನೋ ಏನೂ ಗ್ಯಾರಂಟಿ ಇಲ್ಲ. ಅದರಲ್ಲೊಂದು ಸುಖ ಇದೆ, ಯಾರಿಗೂ ಬೇಜಾರಾಗಲ್ಲ.)

ಆಫೀಸಿಂದೂ ಹೇಳ್ಬಿಡ್ತೀನಿ. ಒಂದ್ಸಲ ಜ್ವರ ಬಂದು "ಸರ್ ಜ್ವರ, ಇವತ್ತು ರಜೆ" ಅಂತ ಮ್ಯಾನೇಜರಿಗೆ ಮೆಸೇಜ್ ಹಾಕ್ದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ನಂಬಿದ್ರೋ ಇಲ್ವೋ ಅಂತ ಹೊಟ್ಟೇಲಿ ತಳಮಳ. "ಅಂದ್ರೆ ತುಂಬಾ ಇಲ್ಲ ಸರ್, 100 ಅಷ್ಟೆ" ಅಂತ ಹಾಕ್ದೆ. ಐದು ನಿಮಿಷ ಬಿಟ್ಟು "ಅಂದ್ರೆ ಮನೆಯಿಂದ ಮಾಡಬಹುದಿತ್ತು, ಕರೆಂಟಿಲ್ಲ." ಮತ್ತೆರಡು ನಿಮಿಷ ಬಿಟ್ಟು "ಅಂದ್ರೆ ಲ್ಯಾಪ್‌ಟಾಪಲ್ಲಿ ಚಾರ್ಜ್ ಇದೆ." ಆಗ ಬಂತು ನೋಡಿ ಉತ್ತರ, "ಗುಡ್, 11 ಗಂಟೆ ಕಾಲ್‌ಗೆ ಜಾಯಿನ್ ಆಗಿ." ಕಂಬಳಿ ಹೊದ್ಕೊಂಡು ಜಾಯಿನ್ ಆದೆ.

ಡೆಲಿವರಿ ಹುಡುಗರಿಗೆ ದಾರಿ ಹೇಳೋದಂತೂ ನನ್ನ ಹೆಂಡತಿ ನನ್ನಿಂದ ಕಿತ್ಕೊಂಡುಬಿಟ್ಟಿದಾಳೆ. ಒಬ್ಬ ಹುಡುಗನಿಗೆ "ಬೇಕರಿ ಹತ್ರ ಎಡಕ್ಕೆ ಬಾರಪ್ಪ" ಅಂದಿದ್ದೆ, ಸಾಲಲ್ಲ ಅನ್ಸಿ "ಅಂದ್ರೆ ಈಗ ಬೇಕರಿ ಇಲ್ಲ, ಮೊದಲಿತ್ತು, ಅದರೆದುರು ದೊಡ್ಡ ಬೇವಿನ ಮರ ಇತ್ತು ನೋಡು, ಅದನ್ನೂ ಕಡಿದ್ರು" ಅಂದೆ. ಹುಡುಗ ಪಾಪ ಸ್ವಲ್ಪ ಹೊತ್ತು ಸುಮ್ನಿದ್ದು "ಸರ್, ಈಗ ಇರೋದು ಏನಾದ್ರೂ ಇದ್ರೆ ಹೇಳಿ" ಅಂದ.

ಹಾಗಂತ ವಿವರಿಸೋದೇ ತಪ್ಪು ಅಂತ ನಾನು ಒಪ್ಪಲ್ಲ. ತಾಳಮದ್ದಳೆಗೆ ಹೋಗಿ ನೋಡಿ, ಭಾಗವತರು ಹಾಡೋದು ಒಂದು ಪದ್ಯ, ಅರ್ಥಧಾರಿ ಅದನ್ನ ಹಿಡ್ಕೊಂಡು ಅರ್ಧ ಗಂಟೆ ಮಾತಾಡ್ತಾರೆ, ಜನ ಎದ್ದು ಹೋಗಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರು ಮಾಡಿದ್ದೇ ಅರ್ಥ ಹೇಳಿ. ಕಾಳಿದಾಸನಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ಮಾತ್ರ ಶುರುವಲ್ಲೇ ಕಂಡೀಷನ್ ಹಾಕ್ಕೊಂಡುಬಿಟ್ಟಿದಾನೆ, "ನಾಮೂಲಂ ಲಿಖ್ಯತೇ ಕಿಂಚಿತ್ ನಾನಪೇಕ್ಷಿತಮುಚ್ಯತೇ" ಅಂತ, ಮೂಲದಲ್ಲಿ ಇಲ್ಲದ್ದನ್ನ ಬರೆಯಲ್ಲ, ಬೇಡದ್ದನ್ನ ಹೇಳಲ್ಲ. ಉಪ್ಪಿಟ್ಟಿನ ಮೂಲದಲ್ಲಿ ಗಂಟು ಇರಲಿಲ್ಲ. ಅಪೇಕ್ಷಿತ ಅಂತೂ ಮೊದಲೇ ಅಲ್ಲ. ಎರಡರಲ್ಲೂ ಫೇಲು.

ಮೊನ್ನೆ ಭಾನುವಾರ ಮತ್ತೆ ಅಣ್ಣನ ಮನೆ. ಕಾರಲ್ಲಿ ಕೂತಾಗಿಂದ ಹೆಂಡತಿ ಪಾಠ ಹೇಳ್ಕೊಡ್ತಾ ಬಂದ್ಲು, ಚೆನ್ನಾಗಿದೆ ಅಂದ್ಬಿಟ್ಟು ತಕ್ಷಣ ಒಂದು ತುತ್ತು ಬಾಯಿಗೆ ಹಾಕ್ಕೊಳ್ಳಿ, ಮಾತಾಡೋಕೆ ಜಾಗ ಇರಬಾರದು, ಅಂತ. ಈ ಸಲ ಕೇಸರಿಬಾತ್. ತುಪ್ಪ ಅಂಚಲ್ಲಿ ಮಿನುಗ್ತಿತ್ತು, ಗೋಡಂಬಿ ಎಣಿಸಿ ಹಾಕಿರಲಿಲ್ಲ. ಅತ್ತಿಗೆ ಸೌಟು ಹಿಡ್ಕೊಂಡು ಬಂದ್ರು. "ಹೆಂಗಿದೆ?"

"ಚೆನ್ನಾಗಿದೆ ಅತ್ತಿಗೆ" ಅಂದೆ, ತುತ್ತು ಬಾಯಿಗೆ ಹಾಕ್ಕೊಂಡೆ, ನಿಲ್ಲಿಸಿದೆ.

ಯಾರೂ ಮಾತಾಡಲಿಲ್ಲ. ಅಣ್ಣ ಸಾಸಿವೆ ಹುಡುಕ್ದ, ಕೇಸರಿಬಾತಲ್ಲಿ ಎಲ್ಲಿ ಸಿಗಬೇಕು. ಅಣ್ಣನ ಮಗಳು ಫೋನ್ ಕೆಳಗಿಟ್ಟು ನನ್ನೇ ನೋಡ್ತಿದ್ಲು. ಅತ್ತಿಗೆ ಅಲ್ಲಾಡಲಿಲ್ಲ. ನಾನು ತುತ್ತು ನುಂಗೋವರೆಗೂ ಕಾದು, ಸೌಟನ್ನ ಪಾತ್ರೆ ಅಂಚಿಗೆ ಟಣ್ ಅಂತ ಕುಟ್ಟಿ ಕೇಳಿದ್ರು,

"ಅಂದ್ರೆ?"