ಸತ್ಯಾಂಶ: ಬೆಂಕಿಯಿಟ್ಟರೆ ಲಂಟಾನ ಸಾಯುತ್ತದೆಯೇ?

ಕಾಡಿಗೆ ಬೆಂಕಿ ಕೊಟ್ಟರೆ ಲಂಟಾನ ಎಂಬ ಕಳೆಪೊದೆ ನಾಶವಾಗಿ ದನಕ್ಕೂ ಜಿಂಕೆಗೂ ಹುಲ್ಲು ಸಿಗುತ್ತದೆ ಎಂಬ ಸಂದೇಶ, ಹಸಿರು ಫೋಟೊ ಸಮೇತ, ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಊರುಗಳಲ್ಲಿ ಬೇಸಿಗೆಗೆ ಮತ್ತೆ ಮತ್ತೆ ಬರುತ್ತದೆ. ಮೇವಿನ ಚಿಂತೆಯಲ್ಲಿರುವವರು ಅದನ್ನು ನಂಬಿ ಕಳಿಸುವುದು ಸಹಜ. ಆದರೆ ಅದು ತಪ್ಪು.

ಬೆಂಕಿ ಸುಡುವುದು ಲಂಟಾನದ ಮೇಲಿನ ಕೊಂಬೆಗಳನ್ನಷ್ಟೇ. ಮಣ್ಣಿನೊಳಗಿನ ಬುಡ ಉಳಿದು, ಮಳೆ ಬಿದ್ದೊಡನೆ ಒಂದು ಕಡ್ಡಿ ಇದ್ದಲ್ಲಿ ಹಲವು ಚಿಗುರು ಏಳುತ್ತವೆ. ಪೂರ್ತಿ ಸುಟ್ಟು ಹೋಗುವುದು ಹೊನ್ನೆ, ಮತ್ತಿಯಂಥ ಮರಗಳ ಎಳೆ ಸಸಿಗಳು. ಸಂದೇಶದ ಹಸಿರು ಫೋಟೊ ಮೊದಲ ಮಳೆಯ ನಂತರದ ಕೆಲವೇ ವಾರಗಳದ್ದಾಗಿದ್ದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಅದೇ ಜಾಗದ ಮುಂದಿನ ವರ್ಷದ ಚಿತ್ರ ಕೇಳಿ.

ನೀವೇ ನೋಡಬೇಕೆಂದರೆ ಬೆಂಕಿ ಬೇಡ. ನಿಮ್ಮ ಬೇಲಿಯಲ್ಲಿ ಒಂದು ಲಂಟಾನವನ್ನು ನೆಲಮಟ್ಟಕ್ಕೆ ಕಡಿಯಿರಿ; ಬೆಂಕಿಯಂತೆಯೇ ಇದೂ ಬುಡವನ್ನು ಉಳಿಸುತ್ತದೆ. ಇನ್ನೊಂದರ ಬುಡದ ಮಣ್ಣು ಬಿಡಿಸಿ, ಎರಡು ಮೂರು ಇಂಚು ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಮಳೆಗಾಲದಲ್ಲಿ ಯಾವುದು ಚಿಗುರಿದೆ ಎಂದು ಎರಡನ್ನೂ ಹೋಲಿಸಿ. ಹಕ್ಕಿಗಳು ಬೀಜ ಬೀಳಿಸುವುದರಿಂದ ಹೊಸ ಸಸಿ ಕೀಳುವ ಕೆಲಸ ಮುಂದಿನ ವರ್ಷಗಳಲ್ಲೂ ತಪ್ಪದು.

ಅಭಯಾರಣ್ಯಕ್ಕೆ ಬೆಂಕಿಯಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.