ಗುಜರಿ ಅನ್ನೋದಾದ್ರೆ ಪ್ರೀಮಿಯಂ ಯಾಕೆ ತಗೊಂಡ್ರಿ?

ಕಳುವಾದ ನನ್ನ ಪದ್ಮಿನಿ ಕಾರಿನ ವಿಮೆ ದುಡ್ಡು ಕೇಳಲು ಕಂಪನಿಯ ಆಫೀಸಿಗೆ ಹೋಗಿದ್ದೆ. ಮತ್ತೆ ಅದೇ ಎರಡನೇ ಕೀ. ಇವತ್ತೂ ಅದೇ.

ಎಫ್‌ಐಆರ್ ಇದೆ. ಪತ್ತೆಯಾಗಿಲ್ಲ ಅಂತ ಪೊಲೀಸರು ಹಾಕಿದ ಸಿ ರಿಪೋರ್ಟ್ ಇದೆ, ಕೋರ್ಟು ಅದನ್ನು ಒಪ್ಪಿಕೊಂಡ ಆದೇಶದ ದೃಢೀಕೃತ ಪ್ರತಿ ಇದೆ. ಕಳುವಾದ ಗಾಡಿ, ಯಾರ ಹೆಸರಿಗೂ ವರ್ಗಾಯಿಸಬೇಡಿ ಅಂತ ಆರ್‌ಟಿಓಗೆ ಕೊಟ್ಟ ಪತ್ರದ ಸೀಲು ಬಿದ್ದ ಪ್ರತಿ ಇದೆ. ಗಾಡಿ ವರ್ಗಾವಣೆಯ 28, 29, 30 ಮೂರೂ ಫಾರಂ ಸಹಿ ಆಗಿವೆ. ನನ್ನ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಸಬ್ರೊಗೇಶನ್ ಪತ್ರ, ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇನೆ ಅಂತ ಛಾಪಾ ಕಾಗದದ ಮೇಲೆ ಇಂಡೆಮ್ನಿಟಿ ಬಾಂಡ್, ಒರಿಜಿನಲ್ ಆರ್‌ಸಿ, ರದ್ದು ಮಾಡಿದ ಚೆಕ್ಕು, ಎಲ್ಲ ಇದೆ. ಇಷ್ಟೂ ಇರುವ ಫೈಲನ್ನು ಕೌಂಟರಿನ ಆ ಕನ್ನಡಕದವ ಒಂದು ಬೆರಳಲ್ಲಿ ಆಚೆ ಸರಿಸಿ ಕೇಳಿದ್ದು ಇಷ್ಟು:

"ಎರಡನೇ ಚಾವಿ ಎಲ್ಲೈತ್ರೀ?"

ಇಲ್ಲ ಅಂದದ್ದಕ್ಕೆ ಫೈಲನ್ನು ಮತ್ತೆ ಎಳೆದುಕೊಂಡ. ಆರ್‌ಸಿಯ ಮೇಲೆ ಕಣ್ಣಾಡಿಸಿದ. ಆಮೇಲೆ ಇಡೀ ಆಫೀಸಿಗೆ ಕೇಳುವ ಹಾಗೆ, "ಏನ್ರೀ ಸರ, ಎಪ್ಪತ್ತೆಂಟನೇ ಇಸ್ವಿ ಪದ್ಮಿನಿ! ಇದನ್ನ ಯಾರ್ ಕದೀತಾರ್ರೀ?"

ಅಲ್ಲಿಗೆ ಸುಮ್ಮನಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಕುರ್ಚಿ ತಿರುಗಿಸಿ ಹಿಂದಿನ ಟೇಬಲ್ಲಿನವನನ್ನು ಕರೆದ. "ಬಾರೋ ಇಲ್ಲೆ, ಇದನ್ನ ನೋಡು." ಫೈಲಿನಲ್ಲಿದ್ದ ಫೋಟೋ ಕಿತ್ತು ತೋರಿಸಿದ. ಪಾಲಿಸಿ ಮಾಡುವ ಹೊತ್ತಿಗೆ ಅವರದೇ ಕಂಪನಿಯವ ಬಂದು ತೆಗೆದ ಫೋಟೋ ಅದು, ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ, ಚಾಸಿ ನಂಬರಿನ ಪೆನ್ಸಿಲ್ ಅಚ್ಚಿನ ಜೊತೆ. ಹಿಂದಿನವ ಬಂದ, ನೋಡಿದ. "ನಮ್ಮ ಮುತ್ಯಾನ ಕಾಲದ್ದು" ಅಂದ. ಕನ್ನಡಕದವನಿಗೆ ಹುಮ್ಮಸ್ಸು ಬಂತು. "ಸರ, ಚಿಂತಿ ಮಾಡಬ್ಯಾಡ್ರಿ. ಕದ್ದಾಂವ ಎಲ್ಲೋ ಘಟ್ಟದಾಗ ಕೆಟ್ಟು ನಿಂತಿರ್ತಾನ. ನೂಕಾಕ ನಿಮಗ ಫೋನ್ ಮಾಡ್ತಾನ, ತಡೀರಿ."

ನಕ್ಕರು. ಎಲ್ಲರೂ. ಬೈಕಿನ ಕ್ಲೇಮಿಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದವನೂ ನಕ್ಕ. ಅವನ ಕ್ಲೇಮೂ ಅಲ್ಲೇ ಕೊಳೀತಾ ಇದೆ, ಅವ ಯಾಕೆ ನಗಬೇಕು ಮಾರಾಯ್ರೆ? ಮಾತು ನಗು ಬರುವಂಥದ್ದೇ, ಬೇರೆ ಯಾರ ಗಾಡಿಯ ಬಗ್ಗೆ ಹೇಳಿದ್ದರೂ ನಾನೂ ನಗ್ತಿದ್ದೆ. ಅದೇ ಇನ್ನೂ ಉರಿ. ಎದುರಿಗೆ ಬಾಯಿಂದ ಹೊರಟದ್ದು "ಇಲ್ಲ ಸರ್, ಅದು ಒಳ್ಳೇ ಕಂಡೀಶನ್ನಲ್ಲಿತ್ತು" ಅನ್ನುವ ಒಂದು ಸಣ್ಣ ದನಿ. ಕೊಡಬೇಕಾಗಿದ್ದ ಉತ್ತರ ಪೂರ್ತಿ ಹೊಳೆದದ್ದು ಬಸ್ಸು ಮುಂಡಗೋಡ ದಾಟಿದ ಮೇಲೆ. ಅದನ್ನೇ ಇಲ್ಲಿ ಬರೀತಿದ್ದೇನೆ.

ಗುಜರಿ ಅನ್ನೋದಾದ್ರೆ ಅದರ ಮೇಲೆ 2,75,000 ರೂಪಾಯಿ ಐಡಿವಿ, ಅಂದರೆ ಗಾಡಿಯ ವಿಮಾ ಬೆಲೆ, ಬರೆದು ಪ್ರೀಮಿಯಂ ಯಾಕೆ ತಗೊಂಡ್ರಿ?

ಐಡಿವಿ ಅಂದರೆ ಏನು ಅಂತ ಕೌಂಟರಿನವನಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಆಟ ಆಡುತ್ತಾನೋ. ಹೊಸ ಗಾಡಿಗಾದರೆ ಕೋಷ್ಟಕ ಇದೆ. ಆರು ತಿಂಗಳ ತನಕ 5%, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಹೀಗೆ ಏರುತ್ತಾ ಐದನೇ ವರ್ಷಕ್ಕೆ 50% ಸವಕಳಿ. ಐದು ವರ್ಷ ದಾಟಿದ ಗಾಡಿಗೆ, ತಯಾರಿಕೆ ನಿಂತ ಮಾಡೆಲ್ಲಿಗೆ ಆ ಕೋಷ್ಟಕ ನಡೆಯುವುದಿಲ್ಲ. ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿದ್ದೇ ಬೆಲೆ. ಹಾಗೆ ಒಪ್ಪಿದ ಬೆಲೆಯನ್ನೇ ಪಾಲಿಸಿ ಮುಗಿಯುವವರೆಗೂ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು, ಗಾಡಿ ಪೂರ್ತಿ ಹೋದಾಗ (ಟೋಟಲ್ ಲಾಸ್) ಮತ್ತೆ ಸವಕಳಿ ಕಳೆಯುವಂತಿಲ್ಲ. ಇದು ಗಾಡಿ ವಿಮೆಯ ನಿಯಮಪುಸ್ತಕ ಮೋಟಾರ್ ಟ್ಯಾರಿಫ್‌ನಲ್ಲೇ ಇರುವ ಮಾತು. ಗಾಡಿ ಪೂರ್ತಿ ಕಳುವಾದರೆ ಕಳೆಯಬೇಕಾದದ್ದು ಕಡ್ಡಾಯ ಕಡಿತ ಒಂದೇ. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಪದ್ಮಿನಿಯ ಎಂಜಿನ್ನು 1089 ಸಿಸಿ. ಲೆಕ್ಕ ಮುಗೀತು, 2,74,000. ಇವರು ಬಾಯಿಮಾತಲ್ಲಿ ಹೇಳುತ್ತಿರುವುದು 60,000. ಎಲ್ಲಿಂದ ಬಂತು? "ಮಾರ್ಕೆಟ್ನ್ಯಾಗ ಅಷ್ಟ ಐತ್ರಿ." ಯಾವ ಮಾರ್ಕೆಟ್ಟು? ಕಿಲೋ ಲೆಕ್ಕದ್ದಾ?

60,000ಕ್ಕೆ ಈಗ ಆ ಗಾಡಿಯ ಫ್ಲೋರ್ ಕೆಲಸ, ಪೇಂಟು, ಕ್ರೋಮು ಇಷ್ಟನ್ನು ಮಾಡಿಸಿ ತೋರಿಸಲಿ. ನಮ್ಮ ಕಡೆ ಮಳೆ, ಕೆಳಗಿಳಿದರೆ ಉಪ್ಪುಗಾಳಿ. ಮ್ಯಾಟಿನ ಅಡಿ ನೀರು ನಿಂತು ಫ್ಲೋರ್ ತಿನ್ನುತ್ತದೆ, ಬಾಗಿಲ ಕೆಳಗಿನ ಸಿಲ್ ಒಳಗಿಂದ ಕೊಳೆಯುತ್ತದೆ. ಮೇಲೆ ಪುಟ್ಟಿ ಮೆತ್ತಿದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಕೊಳೆತದ್ದನ್ನು ಕತ್ತರಿಸಿ ತೆಗೆದು, 18 ಗೇಜಿನ ಶೀಟು ಬಗ್ಗಿಸಿ ವೆಲ್ಡ್ ಮಾಡಿ, ಒಳಗೆ ಪ್ರೈಮರ್, ಅಡಿಗೆ ಅಂಡರ್‌ಕೋಟ್ ಹೊಡೆಯಬೇಕು. ಇಂಥ ಬಿಲ್ಲುಗಳೆಲ್ಲ ಆ ಫೈಲಿನಲ್ಲೇ ಇವೆ. ಅವನು ಪುಟ ತಿರುಗಿಸಲೇ ಇಲ್ಲ.

ಹೋಗಲಿ ಬಿಡಿ, 60,000 ಆದರೂ ಬರಲಿ ಅಂತ ಒಂದು ಗಳಿಗೆ ಅನ್ನಿಸಿದ್ದೂ ಹೌದು. ಇಲ್ಲ, ಬಿಡೋದಿಲ್ಲ. ಒಂದು ರೂಪಾಯಿ ಬಿಡೋದಿಲ್ಲ.

ಇನ್ನೊಂದು ಕೇಳಿ. ನಡುವೆ ಒಮ್ಮೆ "ವಿಂಟೇಜ್ ಸರ್ಟಿಫಿಕೇಟ್ ತರ್ರಿ" ಅಂದರು. ಟ್ಯಾರಿಫ್ ಪ್ರಕಾರ ವಿಂಟೇಜ್ ಅಂದರೆ 1940 ಮುಗಿಯುವ ಮೊದಲು ತಯಾರಾದ, ವಿಂಟೇಜ್ ಕಾರಿನ ಕ್ಲಬ್ಬಿನಿಂದ ಪ್ರಮಾಣಪತ್ರ ಪಡೆದ ಕಾರು. ಅದಕ್ಕೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ನಷ್ಟದ) ಪ್ರೀಮಿಯಮ್ಮಿನಲ್ಲಿ 25% ರಿಯಾಯಿತಿ. 2021ರಲ್ಲಿ ಬಂದ ಸಾರಿಗೆ ನಿಯಮದ ಪ್ರಕಾರವಾದರೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, 20,000 ರೂಪಾಯಿ ಕಟ್ಟಿದರೆ ವಿಎ ಅಕ್ಷರದ ನಂಬರು ಸಿಗುತ್ತದೆ. 1978ರ ಗಾಡಿ ಎರಡರಲ್ಲೂ ಇಲ್ಲ. ಪ್ರೀಮಿಯಂ ಹಾಕುವಾಗ ಮಾಮೂಲಿ ಖಾಸಗಿ ಕಾರು, ರಿಯಾಯಿತಿ ಸೊನ್ನೆ. ದುಡ್ಡು ಕೊಡುವ ದಿನ ವಿಂಟೇಜು. ನಗು ಬಂದರೆ ಅದು ಗುಜರಿ. ಮೂರರಲ್ಲಿ ಒಂದನ್ನು ಆರಿಸಿ ಕಾಗದದ ಮೇಲೆ ಬರೆದುಕೊಡಿ ಅಂದರೆ ಅದೂ ಇಲ್ಲ.

ಈಗ ಎರಡನೇ ಕೀಯ ವಿಷಯ. ಈಗಿನ ಕಾರುಗಳಿಗೆ ಕೀ ಒಳಗೆ ಚಿಪ್ ಇರುತ್ತದೆ, ಅದಿಲ್ಲದೆ ಎಂಜಿನ್ನು ಹಿಡಿಯುವುದಿಲ್ಲ. ಅಂಥಲ್ಲಿ ಒಂದು ಕೀ ಕಡಿಮೆಯಾದರೆ ಯಾರ ಕೈಗೆ ಕೊಟ್ಟಿರಿ ಅಂತ ಕೇಳುವುದರಲ್ಲಿ ಅರ್ಥ ಇದೆ. ಪದ್ಮಿನಿಗೆ ಚಿಪ್ಪೂ ಇಲ್ಲ, ಇಮ್ಮೊಬಿಲೈಸರೂ ಇಲ್ಲ. ಅದರದ್ದು ಬರೀ ಹಲ್ಲು ಕೊರೆದ ಲೋಹದ ತುಂಡು. ಸಂತೆಯಲ್ಲಿ ಕೂರುವ ಕೀ ಮಾಡುವವ ಅರ್ಧ ಗಂಟೆಯಲ್ಲಿ ಉಜ್ಜಿ ಕೊಡುತ್ತಾನೆ. ಇಷ್ಟು ವರ್ಷ ತಿರುಗಿಸಿದ ಲಾಕಿನ ಒಳಗಿನ ಪತ್ತಿಗಳು ಸವೆದಿರುತ್ತವೆ, ಹೆಚ್ಚುಕಡಿಮೆ ಅದೇ ಆಕಾರದ ಬೇರೆ ಕೀಗೂ ತಿರುಗುತ್ತವೆ. ಅದರ ಮೇಲೆ ನಾಕು ಕೈ ದಾಟಿ ಬಂದ ಗಾಡಿ. ಲಾಕಿನ ಬ್ಯಾರಲ್ ಬದಲಾಗಿರುತ್ತದೆ, ಬಾಗಿಲಿಗೊಂದು ಡಿಕ್ಕಿಗೊಂದು ಬೇರೆ ಬೇರೆ ಕೀ ಇರುತ್ತದೆ. 1978ರಲ್ಲಿ ಶೋರೂಮಿನವ ಕೊಟ್ಟ ಎರಡನೇ ಕೀ ಎಲ್ಲಿದೆ ಅಂತ ಕೇಳಿದರೆ ಯಾವ ದೇವರಿಗೆ ಪ್ರಸಾದ ಕೇಳೋದು?

ಪಾಲಿಸಿಯ ಷರತ್ತು ಓದಿ. ಒಂದನೇ ಷರತ್ತು, ಕಳುವಾದರೆ ತಕ್ಷಣ ಪೊಲೀಸರಿಗೆ ತಿಳಿಸು, ಕಂಪನಿಗೆ ಬರೆದು ತಿಳಿಸು. ನಾಲ್ಕನೇ ಷರತ್ತು, ಗಾಡಿಯನ್ನು ಕಾಪಾಡಲು ತಕ್ಕ ಎಚ್ಚರ ವಹಿಸು. ಬೀಗ ಹಾಕಿ ಶೆಡ್ಡಿನಲ್ಲಿಟ್ಟದ್ದು, ಶೆಡ್ಡಿನ ಚಿಲಕ ಮುರಿದದ್ದು ಎರಡೂ ಪಂಚನಾಮೆಯಲ್ಲಿವೆ. ಎರಡನೇ ಕೀ ಅನ್ನೋದು ಯಾವ ಷರತ್ತಿನಲ್ಲಿದೆ? ಯಾರಾದರೂ ಹೇಳಿ. ವಿಮೆಯಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ ಪುಟ ಹೇಳಿ, ಸಾಲು ಹೇಳಿ. ಸುಮ್ಮನೆ "ಪ್ರೊಸೀಜರ್" ಅನ್ನಬೇಡಿ.

ಅವರ ಇನ್ವೆಸ್ಟಿಗೇಟರ್ ಬೇರೆ "ಕಂಪನಿಗೆ ವಿಳಂಬವಾಗಿ ತಿಳಿಸಿದ್ದಾರೆ" ಅಂತ ಒಂದು ಸಾಲು ಗೀಚಿ ಹೋಗಿದ್ದಾನೆ. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕಳವಿನ ಕ್ಲೇಮನ್ನು ತಳ್ಳಿಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿ ಆಗಿದೆ. ಬರೀ ತಡದ ನೆಪಕ್ಕೆ ನ್ಯಾಯವಾದ ಕ್ಲೇಮು ತಿರಸ್ಕರಿಸಬೇಡಿ ಅಂತ ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎ 2011ರಲ್ಲೇ ಸುತ್ತೋಲೆ ಕಳಿಸಿತ್ತು. ಅದರದೇ 2024ರ ಜೂನಿನ ಮಾಸ್ಟರ್ ಸರ್ಕ್ಯುಲರ್ ಅಂತೂ ಇನ್ನೂ ಸ್ಪಷ್ಟ. ನಷ್ಟ ಅಳೆಯುವ ಸರ್ವೇಯರನ್ನು 24 ಗಂಟೆಯೊಳಗೆ ನೇಮಿಸಬೇಕು, ವರದಿ 15 ದಿನದಲ್ಲಿ ಬರಬೇಕು, ವರದಿ ಬಂದ 7 ದಿನದಲ್ಲಿ ತೀರ್ಮಾನ ಆಗಬೇಕು, ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ. ಇವರು ತಿರಸ್ಕರಿಸುವುದೂ ಇಲ್ಲ, ಅದೇ ಜಾಣತನ. ತಿರಸ್ಕಾರದ ಪತ್ರ ಕೈಗೆ ಸಿಕ್ಕರೆ ಅದನ್ನು ಹಿಡಿದು ಮೇಲೆ ಹೋಗ್ತಾರಲ್ಲ! "ಪೆಂಡಿಂಗ್" ಅಂತ ಇಟ್ಟರೆ ಯಾರ ಹತ್ತಿರ ಹೋಗೋದು?

ಪೊಲೀಸರನ್ನು ಬೈಯೋದಿಲ್ಲ. ಗಾಡಿ ಸಿಗಲಿಲ್ಲ, ಸಿಗುತ್ತಲೂ ಇರಲಿಲ್ಲ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿಗಳು 2023ರಲ್ಲಿ ರಸ್ತೆ ಬಿಟ್ಟ ಮೇಲೆ ಹಳೇ ಬಿಡಿಭಾಗ ಇನ್ನೂ ಅಪರೂಪ. ಬಂಪರು, ಗ್ರಿಲ್ಲು, ದೀಪದ ರಿಂಗು, ಸ್ಟೇರಿಂಗಿನ ಪಕ್ಕದ ಗೇರು, ಸೋಲೆಕ್ಸ್ ಕಾರ್ಬುರೇಟರ್ ಒಂದೊಂದನ್ನೂ ಬಿಚ್ಚಿ ಮಾರಬಹುದು. ಯಾರು ಕದೀತಾರ್ರೀ ಅಂದೆಯಲ್ಲಪ್ಪ, ಇಂಥವರು ಕದೀತಾರೆ.

ಇಷ್ಟು ಬರೆದು ಮೇಲಿಂದ ಓದಿದರೆ ನನಗೇ ನಗು. ಸುತ್ತೋಲೆ, ಷರತ್ತು, ಸಿಸಿ ಎಲ್ಲ ಬಾಯಿಪಾಠ. ಮನೆಯಲ್ಲಿ ಊಟಕ್ಕೆ ಕೂತಾಗ "ಐಡಿವಿ" ಅಂದರೆ ಎಲ್ಲರೂ ತಟ್ಟೆ ಎತ್ತಿಕೊಂಡು ಏಳುತ್ತಾರೆ. ಗಂಟೆಗೆ ಐವತ್ತು ದಾಟಿದರೆ ನಡುಗುವ ಒಂದು ಡಬ್ಬಿಗೆ ಇಷ್ಟು ವಾದ. ಕಳ್ಳನೂ ಇಷ್ಟು ಹೊತ್ತಿಗೆ ಅದನ್ನು ಮರೆತಿರುತ್ತಾನೆ. ನಾನೊಬ್ಬ ಚಾಸಿ ನಂಬರನ್ನು ಜಪ ಮಾಡ್ತಾ ಕೂತಿದ್ದೇನೆ.

ಆದರೂ ಹಳೇ ಗಾಡಿ ಇಟ್ಟುಕೊಂಡವರು ಇಷ್ಟು ಮಾಡಿ. ರಿನ್ಯೂವಲ್ಲಿಗೆ ಮುಂಚೆ ಲೈಸೆನ್ಸ್ ಇರುವ ಸರ್ವೇಯರ್ ಹತ್ತಿರ ಬೆಲೆಯ ವರದಿ ಬರೆಸಿ, ಅದನ್ನು ಕಂಪನಿಗೆ ಈಮೇಲ್ ಮಾಡಿ, ಅದೇ ಮೊತ್ತ ಪಾಲಿಸಿಯಲ್ಲಿ ಬಂತಾ ನೋಡಿ. ಎಂಜಿನ್ ಬದಲಾಯಿಸಿದ್ದರೆ ಆರ್‌ಸಿಯಲ್ಲಿ ಹೊಸ ನಂಬರು ಸೇರಿಸದೆ ಒಂದು ದಿನವೂ ಇಡಬೇಡಿ. ಎಷ್ಟೋ ಪದ್ಮಿನಿ, ಅಂಬಾಸಿಡರ್ ಪೆಟ್ರೋಲಿನಿಂದ ಡೀಸೆಲ್ಲಿಗೆ ಹೋಗಿವೆ, ನಂಬರು ತಾಳೆಯಾಗದಿದ್ದರೆ ಅವರಿಗೆ ಅದೊಂದೇ ಸಾಕು. ಇರುವ ಕೀಗಳ ಫೋಟೋ ಪ್ರಸ್ತಾವದ ಹೊತ್ತಿಗೇ ಕಳಿಸಿ, ಇಷ್ಟೇ ಇರೋದು ಅಂತ ಬರೆಯಿರಿ. ಕಳುವಾದರೆ ದೂರಿನ ಜೊತೆಗೇ ಟೋಲಿನ ಕ್ಯಾಮರಾ ದೃಶ್ಯ ಕಾದಿಡಿಸಿ ಅಂತ ಠಾಣೆಯಲ್ಲಿ ಬರೆದು ಕೊಡಿ, ನಮ್ಮ ಕಡೆಯ ಟೋಲುಗಳು ಗೋವಾ ದಿಕ್ಕಿಗಾದರೆ ಹಟ್ಟಿಕೇರಿ, ಮಂಗಳೂರು ದಿಕ್ಕಿಗಾದರೆ ಹೊಳೆಗದ್ದೆ. ತಡವಾದರೆ ಹಳೇ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಕಡಿಮೆ ಮೊತ್ತಕ್ಕೆ ಡಿಸ್ಚಾರ್ಜ್ ವೋಚರ್ (ಲೆಕ್ಕ ಚುಕ್ತಾ ಆಯಿತು ಅನ್ನುವ ರಸೀದಿ) ಮುಂದಿಟ್ಟರೆ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಸಹಿಯ ಮೇಲೆ ಬರೆಯಿರಿ. ಕೌಂಟರಿನಲ್ಲಿ ಕೇಳಿದ ಪ್ರತಿ ಪ್ರಶ್ನೆಗೂ ಅದೇ ದಿನ ಈಮೇಲಿನಲ್ಲಿ ಉತ್ತರ ಕಳಿಸಿ, ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ನನಗೆ ಮುಂದೆ ಇರುವ ದಾರಿ ಎರಡು. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳು ಕಾದು ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮೆಯ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗುವುದು ಒಂದು. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದ ತನಕ ಕೇಳಬಹುದು. ಇನ್ನೊಂದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗ, ಎರಡು ವರ್ಷದೊಳಗೆ. ಗ್ರಾಹಕ ಆಯೋಗದಲ್ಲಿ ಕೇಸು ನಡೀತಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ, ಹಾಗಾಗಿ ಮೊದಲೇ ಒಂದನ್ನು ಆರಿಸಬೇಕು. ದೂರು ವಿಭಾಗಕ್ಕೆ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಿದೆ. 2,74,000, ಜೊತೆಗೆ ತಡ ಮಾಡಿದ್ದಕ್ಕೆ ಬ್ಯಾಂಕ್ ದರದ ಮೇಲೆ 2% ಬಡ್ಡಿ. ಕಾರವಾರದಲ್ಲಿ ಇಂಥ ಹಳೇ ಗಾಡಿಯ ಕೇಸು ನಡೆಸಿದವರು ಇದ್ದರೆ ಇದೊಂದನ್ನು ತಿಳಿಸಿ: ಬೆಲೆಯ ವರದಿಗೆ ಸರ್ವೇಯರ್ ಸಹಿ ಮಾತ್ರ ಸಾಕಾಯ್ತಾ, ಅವರ ಅಫಿಡವಿಟ್ಟೂ ಕೇಳಿದ್ರಾ?